ಕೆಂಪು ದಾರದ ತಲೆಗಳು

ಯಾರ ತಲೆಯೂ ದುಂಡಗಿರುವುದಿಲ್ಲ. ಇದನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಮೈಸೂರಿನಲ್ಲಿ ನಮ್ಮ ಅಪ್ಪನ ಪೇಟದ ಅಂಗಡಿಯಲ್ಲಿ ಕಲಿತೆ. ಒಬ್ಬರ ತಲೆ ಹಿಂದಕ್ಕೆ ಚಾಚಿರುತ್ತದೆ, ಇನ್ನೊಬ್ಬರದು ಎಡಗಿವಿಯ ಮೇಲೆ ಉಬ್ಬಿರುತ್ತದೆ, ಕೆಲವರದು ನೆತ್ತಿಯಲ್ಲಿ ತಗ್ಗು. ಅಪ್ಪ, ಪೇಟದ ಚಿಕ್ಕವೀರಯ್ಯ, ಗಿರಾಕಿಗಳ ಮುಖ ಮರೆಯುತ್ತಿದ್ದರು, ತಲೆ ಮರೆಯುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ನಮಸ್ಕಾರ ಹೇಳಿ ಮುಂದೆ ಹೋದರೆ, 'ಇಪ್ಪತ್ತೆರಡೂವರೆ ಇಂಚು, ಹಿಂದುಗಡೆ ಚಪ್ಪಟೆ' ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ಅಪ್ಪ ಟೇಪು ಬಳಸುತ್ತಿರಲಿಲ್ಲ. ಹುರಿಮಾಡಿದ ನೂಲಿನ ದಾರವನ್ನು ಹಣೆಯಿಂದ ಸುತ್ತಿ, ಎರಡು ತುದಿ ಸೇರುವಲ್ಲಿ ಗಂಟು ಹಾಕಿ, ಕತ್ತರಿಸಿ, ಹೆಸರು, ವಯಸ್ಸು, ತಾರೀಕು ಬರೆದ ಚೀಟಿ ಕಟ್ಟುತ್ತಿದ್ದರು. ಮದುವೆ ಗಂಡಿಗೆ ಕೆಂಪು ದಾರ. ಸನ್ಮಾನಕ್ಕೆ ಪೇಟ ಹೊಲಿಸುವವರಿಗೆ ಬಿಳಿ ದಾರ. ಮೂವತ್ತೊಂದು ವರ್ಷದ ದಾರಗಳು ಒಂದು ತೇಗದ ಪೆಟ್ಟಿಗೆಯಲ್ಲಿದ್ದವು. ಅಳತೆಯನ್ನು ಎಸೆದರೆ ಆ ಮನುಷ್ಯನನ್ನು ಎಸೆದ ಹಾಗೆ ಎಂದು ಅಪ್ಪ ನಂಬಿದ್ದರು.

ಆ ಪೆಟ್ಟಿಗೆಯನ್ನು ಹುಡುಕಿಕೊಂಡು ಡಾಕ್ಟರ್ ಅಂಬುಜಾ ಹತ್ವಾರ್ ನಮ್ಮ ಅಂಗಡಿಗೆ ಬಂದಾಗ ನನಗೆ ಹದಿನೇಳು ವರ್ಷ. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಮೇಡಂ ಎತ್ತರದ ಹೆಂಗಸು, ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕಾಯಿಲೆಯಿಲ್ಲದವರ ತಲೆಗಳು. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸುವ ಮನಸ್ಸಿನ ಕಾಯಿಲೆ, ಇರುವ ಸಾವಿರಾರು ಜನರ ತಲೆಯ ಸುತ್ತಳತೆ ಆಸ್ಪತ್ರೆಯ ಹಳೆಯ ಫೈಲುಗಳಲ್ಲಿ ಅವರಿಗೆ ಸಿಕ್ಕಿತ್ತು. ಆದರೆ ಅದೇ ಊರಿನ, ಅದೇ ಕಾಲದ, ಅದೇ ವಯಸ್ಸಿನ ಆರೋಗ್ಯವಂತರ ತಲೆಯನ್ನು ಯಾರು ಅಳೆದಿಟ್ಟಿರುತ್ತಾರೆ? ಪೇಟ ಕಟ್ಟುವವರನ್ನು ಬಿಟ್ಟರೆ ಇನ್ಯಾರೂ ಇಲ್ಲ.

ಅವತ್ತು ಅವರು ಕೇಳಿದ ಪ್ರಶ್ನೆಗಳು ನನಗೆ ಇನ್ನೂ ನೆನಪಿವೆ. ದಾರ ಎಲ್ಲಿಂದ ತರುತ್ತಿದ್ದರು, ಮಳೆಗಾಲದಲ್ಲಿ ಹಿಗ್ಗುತ್ತದೆಯೇ, ಗಂಟನ್ನು ಯಾವಾಗಲೂ ಒಬ್ಬರೇ ಹಾಕುತ್ತಿದ್ದರೇ, ಕೂದಲ ಮೇಲೆಯೋ ಕೂದಲು ಒತ್ತಿಯೋ. ಕೇಳಿದ್ದಕ್ಕೆಲ್ಲ ನಾನು ತಲೆ ತಗ್ಗಿಸಿಕೊಂಡೇ ಉತ್ತರ ಹೇಳಿದೆ. ಆಮೇಲೆ ಅವರು ದಾರಗಳನ್ನು ನೆನೆಸಿ, ಒಣಗಿಸಿ, ತೂಕ ಕಟ್ಟಿ ಎಳೆದು ಪರೀಕ್ಷೆ ಮಾಡಿದರಂತೆ. ಇಷ್ಟು ಜೋಪಾನವಾಗಿ ಒಂದು ನೂಲನ್ನು ನೋಡುವವರನ್ನು ಅಪ್ಪನ ನಂತರ ನಾನು ಕಂಡದ್ದು ಅವರೊಬ್ಬರನ್ನೇ. ಪೆಟ್ಟಿಗೆ ಕೊಟ್ಟೆ. ಅದರ ಜೊತೆಗೆ ನನ್ನನ್ನೂ ಕೆಲಸಕ್ಕೆ ಕರೆದುಕೊಂಡರು.

*

ಮೇಡಂ ನಡೆಸುತ್ತಿದ್ದ, ತಲೆ ಅಳೆಯುವ ಊರಾಚೆಯ ಶಿರೋಮಾಪನ ಕೇಂದ್ರದಲ್ಲಿದ್ದ ಯಂತ್ರವನ್ನು ನಾವೆಲ್ಲ ಕಿರೀಟ ಎನ್ನುತ್ತಿದ್ದೆವು. ತಲೆಗೆ ಇಡುವ ಒಂದು ಬಟ್ಟಲು. ಒಳಗೆ ಆರುನೂರ ಇಪ್ಪತ್ತು ಮೆತ್ತನೆಯ ಕಡ್ಡಿಗಳು. ಅವು ಕೂದಲ ನಡುವೆ ನುಗ್ಗಿ ಚರ್ಮವನ್ನು ಮುಟ್ಟುತ್ತವೆ, ಕಿವಿಗೆ ಕೇಳದ ಸದ್ದನ್ನು ಮೂಳೆಗೆ ಕಳಿಸುತ್ತವೆ, ಮರುಸದ್ದನ್ನು ಕೇಳಿಸಿಕೊಳ್ಳುತ್ತವೆ. ನಲವತ್ತು ಸೆಕೆಂಡಿಗೆ ಆ ತಲೆಯ ನಕ್ಷೆ ಪರದೆಯ ಮೇಲೆ ಬರುತ್ತದೆ, ಕೆಳಗೆ ಒಂದು ಅಂಕ.

ತಾಯಿಯ ಹೊಟ್ಟೆಯಲ್ಲಿ ಮಿದುಳು ಎಷ್ಟು ಬೆಳೆಯುತ್ತದೋ ಬುರುಡೆಯೂ ಅದಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಈ ಕಾಯಿಲೆ ಬರುವ ಕೆಲವರಲ್ಲಿ ಆ ಬೆಳವಣಿಗೆ ಹುಟ್ಟುವ ಮುಂಚೆಯೇ ಎಡವಿರುತ್ತದೆ, ಅದರ ಗುರುತು ತಲೆಯ ಅಳತೆಯಲ್ಲಿ ಉಳಿದಿರುತ್ತದೆ ಎನ್ನುವುದು ಮೇಡಂ ಅವರ ಊಹೆ. ದಾರಗಳು ಆ ಊಹೆಯನ್ನು ಎತ್ತಿ ಹಿಡಿದವು. ಕಾಯಿಲೆಯವರ ತಲೆಯ ಸುತ್ತಳತೆ ಅಪ್ಪ ಅಳೆದ ಅದೇ ವಯಸ್ಸಿನ ಮದುವೆ ಗಂಡುಗಳದ್ದಕ್ಕಿಂತ ಸರಾಸರಿ ಹನ್ನೊಂದು ಮಿಲಿಮೀಟರ್ ಕಡಿಮೆ. ಅಷ್ಟು ದೊಡ್ಡ ವ್ಯತ್ಯಾಸವನ್ನು ಯಾರೂ ಕಂಡಿರಲಿಲ್ಲ. ಹೆಂಗಸರಿಗೂ ಮಕ್ಕಳಿಗೂ ಅದೇ ಲೆಕ್ಕವನ್ನು ತಗ್ಗಿಸಿ ಹೊಂದಿಸಿದರು. ಕಿರೀಟ ಕಲಿತದ್ದೆಲ್ಲ ಈ ಲೆಕ್ಕದಿಂದ; ತಲೆ ಸಣ್ಣದಾದಷ್ಟೂ ಅಂಕ ಕಡಿಮೆ.

ಆಮೇಲೆ ಸರ್ಕಾರ ಬಂತು. ಅಂಕ ನಲವತ್ತಕ್ಕಿಂತ ಕಡಿಮೆ ಬಂದ ರೋಗಿಗಳು 'ಹುಟ್ಟು ಬಗೆ'ಯವರು, ಅವರು ಸುಧಾರಿಸುವುದಿಲ್ಲ, ಅವರಿಗೆ ಬೆಟ್ಟದಾಚೆ ಶಾಶ್ವತ ಆರೈಕೆ ಧಾಮ ಎಂದು ತೀರ್ಮಾನವಾಯಿತು. ಅದನ್ನು ಮಾಡಿದವರು ಕೆಟ್ಟವರಲ್ಲ. ಮನೆಯವರ ಭಾರ ಇಳಿಸುತ್ತಿದ್ದೇವೆ ಅಂದುಕೊಂಡಿದ್ದರು. ಊರು ಮಾತ್ರ ತನ್ನದೇ ರೀತಿಯಲ್ಲಿ ಅಂಕವನ್ನು ಹಚ್ಚಿಕೊಂಡಿತು. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಅಂಕ ಕೇಳತೊಡಗಿದರು. ಬಾಣಂತಿಯರು ಕೂಸಿನ ತಲೆಗೆ ಎಣ್ಣೆ ಹಚ್ಚಿ ಹೊರಕ್ಕೆ ಹೊರಕ್ಕೆ ತೀಡುತ್ತಿದ್ದರು.

ನನ್ನ ಕೆಲಸ ಕಿರೀಟವನ್ನು ತಲೆಗೆ ಕೂರಿಸುವುದು. ಹೆದರಿದವರು ನನ್ನ ಕೈಯಲ್ಲಿ ಬೇಗ ಸಮಾಧಾನಗೊಳ್ಳುತ್ತಿದ್ದರು, ನಾನು ಮಾತಾಡುವುದು ಕಡಿಮೆ ಅಂತಲೋ ಏನೋ. ಯಂತ್ರ ನಡೆಸುತ್ತಿದ್ದವರು ಫೆಲಿಕ್ಸ್ ಸರ್. ನನ್ನನ್ನು 'ಎಂಟನೇ ಕ್ಲಾಸ್ ವಿಜ್ಞಾನಿ' ಎಂದು ರೇಗಿಸುತ್ತಿದ್ದರು. ಯಂತ್ರ ಬಂದ ಹೊಸದರಲ್ಲಿ ಅವರೇ ಒಮ್ಮೆ ಅದರಡಿ ಕುಳಿತಿದ್ದರು, ಮೂವತ್ತೆಂಟು ಬಂತು. ಯಂತ್ರ ಬಿಸಿಯಾಗಿದೆ ಎಂದು ನಕ್ಕು ಎದ್ದರು. ಆಮೇಲೆ ಅವರು ಅದರಡಿ ಕುಳಿತದ್ದನ್ನು ನಾನು ನೋಡಲಿಲ್ಲ.

*

ನಮ್ಮ ಮನೆಗೂ ಕಾಗದ ಬಂತು. ಅಣ್ಣನ ಹೆಸರಿಗೆ.

ಅಣ್ಣ ಗುರುಮಲ್ಲನಿಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ದನಿಗಳು ಕೇಳತೊಡಗಿದ್ದವು. ಎರಡು ವರ್ಷ ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ಮಾತ್ರೆಗಳು ಹಿಡಿದ ಮೇಲೆ ದನಿಗಳು ದೂರ ಹೋದವು, ಪೂರ್ತಿ ಹೋಗಲಿಲ್ಲ. "ಪಕ್ಕದ ಮನೆ ರೇಡಿಯೋ ಥರ ಕಣೆ. ಇವತ್ತು ಸಣ್ಣಗೆ ಇಟ್ಟವ್ರೆ," ಎನ್ನುತ್ತಿದ್ದ. ಅಪ್ಪನ ನಂತರ ಅಂಗಡಿ ನಿಂತದ್ದು ಅವನ ಕೈಮೇಲೆ. ಅವನು ನೆರಿಗೆ ಹಿಡಿಯುವುದನ್ನು ನೋಡಬೇಕು. ಜರಿಯಂಚು ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗದೆ ಕೂರುತ್ತದೆ. ರೇಡಿಯೋ ಜೋರಾದ ದಿನ ನೆರಿಗೆಗಳನ್ನು ಬಾಯಿಬಿಟ್ಟು ಎಣಿಸುತ್ತಾನೆ; ಆದರೆ ನಿಲ್ಲಿಸುವುದಿಲ್ಲ. ತಲೆಯೊಳಗೆ ಯಾರೋ ಬಯ್ಯುತ್ತಿರುವಾಗ ಇನ್ನೊಬ್ಬನ ಮದುವೆಗೆ ಪೇಟ ಕಟ್ಟುವವನ ಧೈರ್ಯ ಎಷ್ಟಿರಬಹುದು ಎಂದು ನಾನು ಎಷ್ಟೋ ಸಲ ಸುಮ್ಮನೆ ನೋಡುತ್ತ ಕೂತಿದ್ದೇನೆ.

ಗುರುವಾರ ಅವನ ತಲೆಯ ಅಳತೆ. ನಲವತ್ತರ ಕೆಳಗೆ ಬಂದರೆ ಅವನು ಧಾಮಕ್ಕೆ ಹೋಗಬೇಕು. ಅಲ್ಲಿ ಕತ್ತರಿ, ಸೂಜಿ ಕೊಡುವುದಿಲ್ಲ. ನಮ್ಮ ಮನೆಯವರೆಲ್ಲರದ್ದೂ ಸಣ್ಣ ತಲೆ ಎಂದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಮೂರು ತಿಂಗಳಿಂದ ಅವನ ಕೂದಲು ಕತ್ತರಿಸಲು ಬಿಟ್ಟಿರಲಿಲ್ಲ, ತಲೆ ದಪ್ಪಗೆ ಕಾಣಲಿ ಅಂತ. ಕಡ್ಡಿಗಳು ಕೂದಲ ನಡುವೆ ನುಗ್ಗುತ್ತವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವತ್ತು ಬೆಳಗ್ಗೆ ಅಮ್ಮ ಅವನ ಕೂದಲನ್ನು ಸೀಗೇಕಾಯಿ ಹಾಕಿ ತೊಳೆದು ಉಬ್ಬಿಸಿ ಬಾಚಿದಳು.

"ಹಿಂಗಿದ್ರೆ ನನ್ನ ಪೊಲೀಸ್ನೋರು ಹಿಡೀತಾರೆ ಹೊರ್ತು ಡಾಕ್ಟ್ರು ಹಿಡಿಯಲ್ಲ ಬಿಡು," ಎಂದ ಅಣ್ಣ. ಅಮ್ಮ ಇನ್ನೊಮ್ಮೆ ಬಾಚಿದಳು.

ಕೇಂದ್ರದಲ್ಲಿ ಅವನು ಎಲ್ಲರಿಗೂ ಕೈಮುಗಿದು ಕುಳಿತ. ಕಿರೀಟವನ್ನು ನಾನೇ ಕೂರಿಸಿದೆ. ಅವನು ಅದರ ಅಂಚನ್ನು ಕಸುಬುದಾರನ ಹಾಗೆ ಬೆರಳಿನಿಂದ ಸವರಿ ನೋಡಿದ.

"ಬಿಗಿಯಾಯ್ತು ಗಂಗೆ. ಇದನ್ನ ಹಾಕ್ಕೊಂಡು ಮದುವೆಗೆ ಕೂತ್ರೆ ಧಾರೆ ಹೊತ್ತಿಗೆ ತಲೆನೋವು ಬರುತ್ತೆ."

ಫೆಲಿಕ್ಸ್ ಸರ್ ನಕ್ಕರು. ಪರದೆಯ ಮೇಲೆ ಅಂಕ ಬಂತು. ಮೂವತ್ತೊಂದು.

ಮೇಡಂ ಬಂದು ನೋಡಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು. ಧಾಮದ ಮೊದಲ ವಾಹನ ಸೋಮವಾರ ಬರುವುದಾಗಿ ಚೀಟಿ ಅಚ್ಚಾಯಿತು. ಅಣ್ಣ ಅದನ್ನು ಓದಿ ಮಡಿಚಿ ಜೇಬಿನಲ್ಲಿಟ್ಟುಕೊಂಡು, ಒಪ್ಪಿಕೊಂಡ ಎರಡು ಪೇಟ ಭಾನುವಾರದೊಳಗೆ ಮುಗಿಯುತ್ತವೆ ಎಂದ.

ನಾನು ಪರದೆಯನ್ನೇ ನೋಡುತ್ತಿದ್ದೆ. ಅಲ್ಲಿ ಎರಡು ಬಳೆಗಳಿದ್ದವು. ಒಳಗಿನ ನೀಲಿ ಬಳೆ ಅಣ್ಣನ ತಲೆ. ಹೊರಗಿನ ಕೆಂಪು ಬಳೆ ಸರಿಯಾದ ತಲೆ, ಅಂದರೆ ಅಪ್ಪನ ಕೆಂಪು ದಾರಗಳ ಸರಾಸರಿ. ನೂರಾರು ಜನರ ನಕ್ಷೆಗಳಲ್ಲಿ ಆ ಎರಡು ಬಳೆ ನೋಡಿದ್ದೇನೆ. ಅಂದು ಮೊದಲ ಸಲ ಅವುಗಳ ನಡುವಿನ ಸಂದಿಯನ್ನು ನೋಡಿದೆ. ಕೈಗೆ ಏನೋ ನೆನಪಾಯಿತು. ಆ ಸಡಿಲ ನನಗೆ ಗೊತ್ತಿತ್ತು.

ಬೆರಳು.

ಮದುವೆ ಗಂಡಿನ ತಲೆ ಅಳೆಯುವಾಗ ಅಪ್ಪ ಎಡಗೈಯ ತೋರುಬೆರಳನ್ನು ದಾರದ ಅಡಿಯಲ್ಲಿಡುತ್ತಿದ್ದರು. ಮದುವೆ ದಿನ ಎಣ್ಣೆ, ಅರಿಸಿನ, ಬಾಸಿಂಗದ ಎಳೆ, ಹೊಗೆ, ಬೆವರು. ಗಂಡು ಪೇಟವನ್ನು ಬೆಳಗಿನಿಂದ ಸಂಜೆಯವರೆಗೆ ಹೊತ್ತಿರಬೇಕು, ಮುಹೂರ್ತಕ್ಕೆ ಮೊದಲು ತೆಗೆದರೆ ಅಪಶಕುನ. ಅದಕ್ಕೇ ಒಂದು ಬೆರಳು ಸಡಿಲ. ಸನ್ಮಾನದವರಿಗೆ ಸಡಿಲ ಬೇಡ. ಒಂದು ಗಂಟೆ ವೇದಿಕೆಯಲ್ಲಿ ಕೂತರೆ ಆಯಿತು, ಪೇಟ ಜಾರಬಾರದು ಅಷ್ಟೆ. ಇದನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ, ನಾವೂ ಯಾರಿಗೂ ಹೇಳಿರಲಿಲ್ಲ. ಕೆಂಪು ದಾರ ಕೈಗೆ ಬಂದರೆ ಬೆರಳು ತಾನೇ ಹೋಗಿ ಅಡಿಯಲ್ಲಿ ಕೂರುತ್ತದೆ. ಮೇಡಂ ನೂಲಿನ ಬಗ್ಗೆ, ಗಂಟಿನ ಬಗ್ಗೆ, ಮಳೆಯ ಬಗ್ಗೆ ಕೇಳಿದ್ದರು. ಬೆರಳಿನ ಬಗ್ಗೆ ಕೇಳಬೇಕೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಗೊತ್ತಿದ್ದವಳು ಎದುರಿಗೇ ಕೂತಿದ್ದೆ.

*

ಅಣ್ಣನನ್ನು ಬಸ್ಸಿಗೆ ಹತ್ತಿಸಿ ಬಂದು, ದಾರದ ಪೆಟ್ಟಿಗೆ ಇಟ್ಟಿದ್ದ ಕೋಣೆಗೆ ಹೋದೆ. ನನ್ನ ಮಾತನ್ನು ಯಾರು ನಂಬುತ್ತಾರೆ? ಅಣ್ಣನನ್ನು ಉಳಿಸಿಕೊಳ್ಳಲು ಕಥೆ ಕಟ್ಟುತ್ತಿದ್ದಾಳೆ ಎನ್ನುತ್ತಾರೆ. ನಾನೇ ಅವರ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ.

ಚೀಟಿಗಳನ್ನು ಓದುತ್ತ ಹೋದೆ. ಸಂಜೆಯಾಗುವ ಹೊತ್ತಿಗೆ ಬೇಕಾದದ್ದು ಸಿಕ್ಕಿತು. ಗಡಿಯಾರ ರಿಪೇರಿಯ ಅನಂತಶಯನ. ಇಪ್ಪತ್ತಾರನೇ ವಯಸ್ಸಿನಲ್ಲಿ ಮದುವೆ, ಕೆಂಪು ದಾರ. ಐವತ್ತೊಂದರಲ್ಲಿ ಸಂಗೀತ ಸಭೆಯವರ ಸನ್ಮಾನ, ಬಿಳಿ ದಾರ. ಎರಡನ್ನೂ ಪಕ್ಕಪಕ್ಕ ಹಿಡಿದೆ. ಬಿಳಿಯದು ಗಿಡ್ಡ.

ಮೇಡಂ ತಮ್ಮ ಕೋಣೆಯಲ್ಲಿ ಧಾಮದ ಕಡತಗಳಿಗೆ ಸಹಿ ಹಾಕುತ್ತಿದ್ದರು. ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಅವರೇ ತಲೆಯೆತ್ತಿ ಒಳಗೆ ಕರೆದರು. ದಾರಗಳನ್ನು ಮೇಜಿನ ಮೇಲಿಟ್ಟೆ. ಅವರು ಚೀಟಿ ಓದಿ ದಣಿದ ದನಿಯಲ್ಲಿ, ಇಂಥವರು ಅರವತ್ತಮೂರು ಜನ ಇದ್ದಾರೆ, ವಯಸ್ಸಾದಂತೆ ತಲೆ ಸ್ವಲ್ಪ ಕುಗ್ಗುತ್ತದೆ ಎಂದು ತಾವೇ ಪ್ರಬಂಧ ಬರೆದಿರುವುದಾಗಿ ಹೇಳಿದರು. ಅದಕ್ಕೆ ಬಂದ ಬಹುಮಾನದ ಫಲಕ ಅವರ ಹಿಂದಿನ ಗೋಡೆಯ ಮೇಲಿತ್ತು.

"ಕುಗ್ಗಲ್ಲ ಮೇಡಂ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ತಲೆ ಕುಗ್ಗಿಲ್ಲ. ಕೆಂಪು ದಾರದಲ್ಲಿ ಅಪ್ಪನ ಬೆರಳೂ ಇದೆ. ನಾನು ನಿಮಗೆ ಹೇಳಲಿಲ್ಲ."

ಎಲ್ಲ ಹೇಳಿ ಮುಗಿಸಿದೆ. ಬಯ್ಯಬಹುದು, ಕಳಿಸಿಬಿಡಬಹುದು ಎಂದು ಕಾದೆ. ಅವರು ತುರುಬಿನ ಪೆನ್ಸಿಲನ್ನು ತೆಗೆದು ಕೂದಲು ಬಿಚ್ಚಿದರು.

"ನನ್ನ ತಲೆ ಅಳೆ. ಎರಡೂ ಥರ."

ಬೆರಳಿಟ್ಟು ಒಮ್ಮೆ, ಬೆರಳಿಲ್ಲದೆ ಒಮ್ಮೆ ಅಳೆದೆ. ಅವರು ತಾವೇ ಸ್ಕೇಲು ಹಿಡಿದು ನೋಡಿದರು. ನನ್ನ ಬೆರಳಿನಿಂದ ಏಳು ಮಿಲಿಮೀಟರ್. ಆಮೇಲೆ ಅರವತ್ತಮೂರು ಜನರ ಎರಡೆರಡು ಅಳತೆಗಳನ್ನೂ ಕಂಪ್ಯೂಟರಿಗೆ ಹಾಕಿ, ಎರಡರ ನಡುವೆ ಎಷ್ಟು ವರ್ಷ, ಎಷ್ಟು ವ್ಯತ್ಯಾಸ ಎಂದು ಕೇಳಿದರು. ವಯಸ್ಸಾದಂತೆ ಕುಗ್ಗುವುದು ನಿಜವಾಗಿದ್ದರೆ ಹತ್ತು ವರ್ಷದಲ್ಲಿ ಕಡಿಮೆ, ಮೂವತ್ತು ವರ್ಷದಲ್ಲಿ ಹೆಚ್ಚು ಬರಬೇಕಿತ್ತು. ಎಲ್ಲ ಚುಕ್ಕೆಗಳೂ ಒಂದೇ ಮಟ್ಟದಲ್ಲಿ ಗುಂಪಾಗಿ ನಿಂತವು. ಒಂಬತ್ತು ಮಿಲಿಮೀಟರ್.

"ನಿಮ್ಮ ತಂದೆಯ ಬೆರಳು," ಎಂದರು ಮೇಡಂ.

ತೀರಿಕೊಂಡು ನಾಲ್ಕು ವರ್ಷವಾಗಿದ್ದ ಅಪ್ಪ ಆ ಪರದೆಯ ಮೇಲೆ ಒಂದು ಗುಂಪು ಚುಕ್ಕೆಗಳಾಗಿ ನಿಂತಿದ್ದರು. ನನಗೆ ಅಳು ಬಂತು. ಮೇಡಂ ಅಳಲಿಲ್ಲ. ಎದ್ದು ಗೋಡೆಯ ಫಲಕವನ್ನು ತೆಗೆದು ಮುಖ ಕೆಳಗೆ ಮಾಡಿ ಕಪಾಟಿನ ಮೇಲಿಟ್ಟರು. ಸಹಿ ಹಾಕಿದ್ದ ಕಡತಗಳನ್ನು ಒಂದೊಂದಾಗಿ ಹರಿದರು. ಎಲ್ಲಕ್ಕಿಂತ ಮೇಲಿದ್ದದ್ದು ಅಣ್ಣನದು.

*

ಮರುದಿನ ಸಭೆ. ಸರ್ಕಾರದ ಕಾರ್ಯದರ್ಶಿಗಳು, ಇನ್ನೂ ಏಳೆಂಟು ಜನ. ಪೆಟ್ಟಿಗೆ ಹೊತ್ತುಕೊಂಡು ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದೆ. ಮೇಡಂ ತಮ್ಮ ತಪ್ಪನ್ನು ಬೇರೆ ಯಾರದೋ ತಪ್ಪನ್ನು ವಿವರಿಸುವ ಹಾಗೆ, ಒಂದೂ ಅಂಕಿ ಬಿಡದೆ ವಿವರಿಸಿದರು. ದಾರ ಅಳೆದವರ ತಪ್ಪು ಇದರಲ್ಲಿ ಇಲ್ಲ, ಅವರು ಪೇಟಕ್ಕಾಗಿ ಅಳೆದರು, ಪೇಟಗಳು ಸರಿಯಾಗಿಯೇ ಕೂತವು. ಅಳತೆ ಯಾತಕ್ಕಾಗಿ ಎಂದು ಕೇಳದೆ ಹೋದದ್ದು ತಮ್ಮ ತಪ್ಪು ಎಂದರು.

ಕಾರ್ಯದರ್ಶಿಗಳು ಸಮಾಧಾನದಿಂದಲೇ ಕೇಳಿದರು. ಹನ್ನೊಂದರಲ್ಲಿ ಒಂಬತ್ತು ಹೋದರೂ ಎರಡು ಉಳಿಯಿತಲ್ಲ, ನಲವತ್ತರ ಗೆರೆಯನ್ನು ಸ್ವಲ್ಪ ಕೆಳಗೆ ಸರಿಸಿದರೆ ಸಾಕಲ್ಲವೇ, ಧಾಮದ ಕಟ್ಟಡ ಬೇರೆ ಮುಗಿದಿದೆ ಎಂದರು.

"ಎರಡು ಉಳಿದದ್ದು ನಿಜ," ಎಂದರು ಮೇಡಂ. "ಸಾವಿರಾರು ಜನರನ್ನ ಒಟ್ಟಿಗೆ ನೋಡಿದರೆ ಅದು ಕಾಣುತ್ತೆ, ಅದನ್ನ ನಾನು ಮುಚ್ಚಿಡಲ್ಲ. ಎರಡು ಊರಿನವರ ಸರಾಸರಿ ಎತ್ತರ ಬೇರೆ ಬೇರೆ ಇರಬಹುದು ಸರ್. ಆದರೆ ಬಸ್ಸಿಂದ ಇಳಿದವನ ಎತ್ತರ ನೋಡಿ ಅವನು ಯಾವ ಊರಿನವನು ಅಂತ ಹೇಳೋಕಾಗಲ್ಲ. ಒಂದು ತಲೆಯ ಮೇಲೆ ಎಳೆಯೋಕೆ ನನ್ನ ಹತ್ತಿರ ಗೆರೆ ಇಲ್ಲ."

ಆಗ ಫೆಲಿಕ್ಸ್ ಸರ್ ಎದ್ದು ನಿಂತರು. ತಮಗೆ ಮೂವತ್ತೆಂಟು ಬಂದದ್ದು ಒಂದು ಸಲವಲ್ಲ, ಯಾರೂ ಇಲ್ಲದಾಗ ಇನ್ನೂ ನಾಲ್ಕು ಸಲ ಕೂತು ನೋಡಿದ್ದಾಗಿಯೂ, ಎರಡು ವರ್ಷದಿಂದ ಯಾವಾಗ ದನಿ ಕೇಳುತ್ತದೋ ಎಂದು ಕಾಯುತ್ತಿದ್ದುದಾಗಿಯೂ ಹೇಳಿದರು. ಹೆಂಡತಿಗೂ ಹೇಳಿರಲಿಲ್ಲವಂತೆ.

ಸೋಮವಾರ ವಾಹನ ಬರಲಿಲ್ಲ. ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದಲ್ಲ. ಮೇಡಂ ಅವರನ್ನು ಪತ್ರಿಕೆಯವರು ಆಡಿಕೊಂಡರು. ಬಹುಮಾನ ಕೊಟ್ಟವರು ಅದನ್ನು ವಾಪಸು ಕೇಳುವ ಮೊದಲೇ ಅವರು ಅಂಚೆಯಲ್ಲಿ ಕಳಿಸಿದ್ದರು. ತಮ್ಮ ಹಳೆಯ ಪ್ರಬಂಧಗಳು ತಪ್ಪು ಎಂದು ತಾವೇ ಒಂದು ಪ್ರಬಂಧ ಬರೆದರು. ಲೇಖಕರ ಸಾಲಿನಲ್ಲಿ ಅವರ ಹೆಸರಿನ ಮುಂದೆ ನನ್ನ ಹೆಸರಿತ್ತು, ಶಿವಗಂಗೆ, ಪೇಟದ ಅಂಗಡಿ, ಮೈಸೂರು ಎಂದು. ಅಪ್ಪನ ಹೆಸರೂ ಇತ್ತು; ಅದರ ಪಕ್ಕ ಒಂದು ಸಣ್ಣ ನಕ್ಷತ್ರ ಹಾಕಿ, ಕೆಳಗೆ 'ದಿವಂಗತ' ಎಂದು ಬರೆದಿದ್ದರು. ಇಷ್ಟು ಎತ್ತರದಲ್ಲಿದ್ದವರು ಇಷ್ಟು ಸರಾಗವಾಗಿ ಕೆಳಗಿಳಿದು ಬಂದು ಮತ್ತೆ ಮೊದಲಿನಿಂದ ಅಳೆಯಲು ಕೂತದ್ದನ್ನು ನಾನು ಕಣ್ಣಾರೆ ನೋಡಿದೆ.

*

ಹೌದು, ಮೊದಲಿನಿಂದ. ಈ ಸಲ ಕಾಯಿಲೆ ಇರುವವರು, ಇಲ್ಲದವರು ಎಲ್ಲರನ್ನೂ ಒಬ್ಬರೇ ಅಳೆಯಬೇಕು, ಒಂದೇ ದಾರದಲ್ಲಿ, ಬೆರಳಿಲ್ಲದೆ. ಯಾರು ಯಾವ ಕಡೆಯವರೆಂದು ಅಳೆಯುವವರಿಗೆ ಗೊತ್ತಿರಬಾರದು. ಆ ಕೆಲಸ ನನಗೆ ಬಂತು. ಬೆಳಗ್ಗೆ ಕೇಂದ್ರದಲ್ಲಿ, ಮಧ್ಯಾಹ್ನ ಅಂಗಡಿಯಲ್ಲಿ. ಎಷ್ಟು ತಲೆಗಳು ನನ್ನ ಕೈಯಲ್ಲಿ ಹಾದುಹೋದವು. ಮುಟ್ಟಿ ನೋಡಿ, ಇದು ಆ ಕಡೆಯದು ಇದು ಈ ಕಡೆಯದು ಎಂದು ಊಹೆ ಮಾಡಲು ಮೊದಮೊದಲು ಪ್ರಯತ್ನಿಸಿದೆ. ಆಗಲಿಲ್ಲ. ಎಲ್ಲವೂ ಬೆಚ್ಚಗಿದ್ದವು, ಯಾವುದೂ ದುಂಡಗಿರಲಿಲ್ಲ.

ಅಣ್ಣನ ವಿಷಯ ನನಗೆ ಗೊತ್ತಿದ್ದದ್ದರಿಂದ ಅವನನ್ನು ಲೆಕ್ಕಕ್ಕೆ ಸೇರಿಸಬಾರದು ಎಂದರು ಮೇಡಂ. ಅವನಿಗೆ ಅದು ಸರಿಬರಲಿಲ್ಲ.

"ಊರವರನ್ನೆಲ್ಲ ಅಳೀತೀಯ, ಮನೇಲಿರೋನ್ನ ಬಿಡ್ತೀಯ. ಅಳಿ ನನ್ನೂ," ಎಂದು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಬಂದು ಕುಳಿತ. ಕೂದಲು ಕತ್ತರಿಸಿಕೊಂಡಿದ್ದ. ಪಕ್ಕದಲ್ಲಿ ಅರ್ಧ ಕಟ್ಟಿದ ಪೇಟವಿತ್ತು. ಒಳಗೆ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಕಾಣುವ ಹಾಗೆ ಬಾಗಿಲು ತೆರೆದಿತ್ತು.

ಮೂವತ್ತೊಂದು ವರ್ಷ ಊರಿನ ತಲೆಗಳನ್ನೆಲ್ಲ ಅಳೆದ ಅಪ್ಪ ಅಣ್ಣನ ತಲೆಯನ್ನು ಅಳೆದಿರಲಿಲ್ಲ. ಅವನು ಮದುವೆ ಗಂಡಾಗುವ ವಯಸ್ಸಿಗೆ ದನಿಗಳು ಬಂದಿದ್ದವು. ಆಮೇಲೆ ಮನೆಯಲ್ಲಿ ಯಾರೂ ಅವನ ಮದುವೆಯ ಮಾತು ಎತ್ತಲಿಲ್ಲ.

ಬಿಳಿ ದಾರವನ್ನು ಹಣೆಯಿಂದ ಸುತ್ತಿ ತಂದೆ. ಬೆರಳಿಲ್ಲದೆ, ಒತ್ತಿ. ಗಂಟು ಹಾಕಿ ಕತ್ತರಿಸಿ, ಗುರುಮಲ್ಲ, ಇಪ್ಪತ್ತೊಂಬತ್ತು ವರ್ಷ, ಎಂದು ಚೀಟಿ ಬರೆದೆ. ಅವನು ಏಳಲಿಲ್ಲ. ಇವತ್ತು ರೇಡಿಯೋ ಹೇಗಿದೆ ಎಂದು ಕೇಳಿದೆ.

"ಇದೆ. ಇರ್ಲಿ," ಎಂದ. ಮತ್ತೆ ಕೈಚಾಚಿ ಗೂಡಿನಿಂದ ಕೆಂಪು ದಾರದ ಉಂಡೆಯನ್ನು ತೆಗೆದು ನನ್ನ ಮಡಿಲಿಗೆ ಹಾಕಿದ. ನನ್ನ ಮುಖ ನೋಡಲಿಲ್ಲ, ಎದುರಿನ ಗೋಡೆ ನೋಡುತ್ತ ಹೇಳಿದ.

"ಇದರಲ್ಲೂ ಒಂದು ತಗೋ ಕಣೆ. ಬೆರಳಿಟ್ಟು."

ಒಳಗೆ ಮೊರದ ಸದ್ದು ನಿಂತಿತು.

ನಾನು ಎಡಗೈಯ ತೋರುಬೆರಳನ್ನು ಅವನ ಹಣೆಯ ಪಕ್ಕಕ್ಕಿಟ್ಟು, ಅದರ ಮೇಲೆ ದಾರ ಸುತ್ತಿದೆ.